ಗದ್ದೆ ಮಿಂಚುಳ್ಳಿ: ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಪ್ರದೇಶದಲ್ಲಿ ಅದರ ಜೀವನ ಮತ್ತು ಸಂರಕ್ಷಣೆ

ಪೀಠಿಕೆ

ತುಂಗಭದ್ರಾ ನದಿಯ ದಂಡೆ, ಕಾಲುವೆ, ಕೆರೆ ಹಾಗೂ ಭತ್ತದ ಗದ್ದೆಗಳ ಬಳಿ ಓಡಾಡುವವರಿಗೆ ಮಿಂಚುಳ್ಳಿ ಅಪರಿಚಿತ ಪಕ್ಷಿಯಲ್ಲ. ವಿದ್ಯುತ್ ತಂತಿಯ ಮೇಲೋ ಬಾವಿಯ ಕಟ್ಟೆಯ ಮೇಲೋ ಕದಲದೆ ಕುಳಿತಿದ್ದು, ಒಮ್ಮೆಲೇ ನೀಲಿ ಮಿಂಚಿನಂತೆ ನೆಲಕ್ಕೆರಗುವ ಈ ಪಕ್ಷಿಯನ್ನು ಬಹುತೇಕ ಎಲ್ಲರೂ ಕಂಡಿರುತ್ತಾರೆ. ಆದರೆ ಅದು ಎಲ್ಲಿ ಗೂಡು ಮಾಡುತ್ತದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಮಿಂಚುಳ್ಳಿ ಮರದಲ್ಲಿ ಕಡ್ಡಿಗಳಿಂದ ಗೂಡು ಕಟ್ಟುವುದಿಲ್ಲ. ನೆಟ್ಟಗೆ ನಿಂತ ಮಣ್ಣಿನ ದಂಡೆಯಲ್ಲಿ ಸುರಂಗ ಕೊರೆದು, ಅದರೊಳಗೆ ಮೊಟ್ಟೆಯಿಡುತ್ತದೆ. ಆದುದರಿಂದ ಮಣ್ಣಿನ ದಂಡೆ ಉಳಿದರೆ ಮಾತ್ರ ಈ ಪಕ್ಷಿಯ ಸಂತತಿ ಉಳಿಯುತ್ತದೆ. ಜಮೀನು ಸಮತಟ್ಟು, ಮಣ್ಣು ಅಗೆತ, ಬಾವಿ ಮುಚ್ಚುವಿಕೆ, ಕಾಲುವೆ ದುರಸ್ತಿ, ಮರ ಕಡಿತ ಮುಂತಾದ ಕೆಲಸಗಳನ್ನು ಕೈಗೊಳ್ಳುವ ಹಾಗೂ ಅವುಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಸಂಕ್ಷಿಪ್ತ ವಿವರ

ಕನ್ನಡದ ಹೆಸರು: ಗದ್ದೆ ಮಿಂಚುಳ್ಳಿ, ಬಿಳಿ ಎದೆಯ ಮಿಂಚುಳ್ಳಿ
ವೈಜ್ಞಾನಿಕ ಹೆಸರು: ಹಾಲ್ಸಿಯಾನ್ ಸ್ಮಿರ್ನೆನ್ಸಿಸ್
ಕುಟುಂಬ: ಆಲ್ಸೆಡಿನಿಡೇ
ಉದ್ದ: ಸುಮಾರು 28 ಸೆಂ.ಮೀ.
ಮೊಟ್ಟೆಗಳು: ಸಾಮಾನ್ಯವಾಗಿ 4ರಿಂದ 7, ದುಂಡಗೆ, ಅಚ್ಚ ಬಿಳಿ
ಕಾವಿನ ಅವಧಿ: 20ರಿಂದ 22 ದಿನ
ಹರಡಿಕೆ: ಪಶ್ಚಿಮ ಏಷ್ಯಾದಿಂದ ಭಾರತ ಉಪಖಂಡದ ಮೂಲಕ ಆಗ್ನೇಯ ಏಷ್ಯಾದವರೆಗೆ
ಜಾಗತಿಕ ಸ್ಥಿತಿ: ಸದ್ಯಕ್ಕೆ ಅಳಿವಿನ ಭೀತಿಯಿಲ್ಲದ ಪಕ್ಷಿಗಳ ಪಟ್ಟಿಯಲ್ಲಿದೆ

ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಈ ಪಕ್ಷಿಗೆ ವೈಜ್ಞಾನಿಕ ಹೆಸರನ್ನು ನೀಡಿದನು. ಹೆಸರಿನಲ್ಲಿರುವ ‘ಸ್ಮಿರ್ನಾ’ ಎಂಬುದು ಇಂದಿನ ತುರ್ಕಿ ದೇಶದ ಇಜ್ಮಿರ್ ನಗರದ ಹಳೆಯ ಹೆಸರು. ಪಶ್ಚಿಮ ಬಂಗಾಳವು ಇದನ್ನು ತನ್ನ ರಾಜ್ಯ ಪಕ್ಷಿಯನ್ನಾಗಿ ಅಂಗೀಕರಿಸಿದೆ.

ಗುರುತಿಸುವ ವಿಧಾನ

ಗದ್ದೆ ಮಿಂಚುಳ್ಳಿಯ ತಲೆ, ಪಕ್ಕೆ ಮತ್ತು ಹೊಟ್ಟೆಯ ಭಾಗ ಕಡು ಕಂದು ಬಣ್ಣದ್ದಾಗಿರುತ್ತದೆ. ಗಂಟಲು ಮತ್ತು ಎದೆ ಅಚ್ಚ ಬಿಳುಪು. ಬೆನ್ನು, ರೆಕ್ಕೆ ಹಾಗೂ ಬಾಲ ಹೊಳೆಯುವ ನೀಲಿ. ಕೊಕ್ಕು ಉದ್ದವಾಗಿ, ದಪ್ಪವಾಗಿ, ಕೆಂಪಾಗಿರುತ್ತದೆ, ಕಾಲುಗಳೂ ಕೆಂಪು. ಹಾರುವಾಗ ರೆಕ್ಕೆಯಲ್ಲಿ ದೊಡ್ಡ ಬಿಳಿಯ ಮಚ್ಚೆ ಸ್ಪಷ್ಟವಾಗಿ ಕಾಣಿಸುತ್ತದೆ. ಗಂಡು ಹೆಣ್ಣುಗಳಲ್ಲಿ ಹೊರನೋಟಕ್ಕೆ ವ್ಯತ್ಯಾಸವಿಲ್ಲ. ಮರಿಗಳ ಬಣ್ಣ ಮಸುಕಾಗಿದ್ದು, ಕೊಕ್ಕು ಕಂದಾಗಿರುತ್ತದೆ.

ಈ ಪಕ್ಷಿಯ ಗರಿಗಳಲ್ಲಿ ನೀಲಿ ವರ್ಣದ್ರವ್ಯವಿಲ್ಲ ಎಂಬುದು ಗಮನಾರ್ಹ. ಗರಿಯೊಳಗಿನ ಅತಿ ಸೂಕ್ಷ್ಮವಾದ ರಚನೆಯು ಬೆಳಕನ್ನು ಚದುರಿಸುವುದರಿಂದ ನೀಲಿ ಬಣ್ಣ ಕಾಣಿಸುತ್ತದೆ. ಬಿಸಿಲು ಬೀಳುವ ಕೋನ ಬದಲಾದಂತೆ ಹೊಳಪು ಬದಲಾಗುವುದು ಇದೇ ಕಾರಣದಿಂದ. 19ನೆಯ ಶತಮಾನದಲ್ಲಿ ಹೆಂಗಸರ ಟೋಪಿಗಳ ಅಲಂಕಾರಕ್ಕಾಗಿ ಈ ಗರಿಗಳಿಗೆ ವಿದೇಶಗಳಲ್ಲಿ ಬೇಡಿಕೆಯಿದ್ದು, ಪಕ್ಷಿಗಳನ್ನು ಕೊಲ್ಲಲಾಗುತ್ತಿತ್ತು.

ಈ ಪ್ರದೇಶದಲ್ಲಿ ಗದ್ದೆ ಮಿಂಚುಳ್ಳಿಯೊಡನೆ ಈ ಕೆಳಕಂಡ ಪಕ್ಷಿಗಳನ್ನು ಅದಲುಬದಲಾಗಿ ತಿಳಿಯುವ ಸಂಭವವಿದೆ:

1. ಕಿರು ಮಿಂಚುಳ್ಳಿ: ಗುಬ್ಬಚ್ಚಿಗಿಂತ ತುಸು ದೊಡ್ಡದು. ಬೆನ್ನು ನೀಲಿ, ಹೊಟ್ಟೆ ಕಿತ್ತಳೆ ಬಣ್ಣ. ನೀರಿಗೆ ಸಮೀಪದ ತಗ್ಗಾದ ಕೊಂಬೆ ಅಥವಾ ಕಲ್ಲಿನ ಮೇಲೆ ಕುಳಿತು, ಮುಖ್ಯವಾಗಿ ಮೀನನ್ನು ಹಿಡಿಯುತ್ತದೆ.

2. ಕಪ್ಪು ಬಿಳಿ ಮಿಂಚುಳ್ಳಿ: ಮೈಯಲ್ಲಿ ನೀಲಿ ಬಣ್ಣವೇ ಇಲ್ಲ. ನೀರಿನ ಮೇಲೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಮೀನು ಕಂಡೊಡನೆ ತಲೆಕೆಳಗಾಗಿ ಧುಮುಕುತ್ತದೆ. ಗಂಡಿನ ಎದೆಯಲ್ಲಿ ಎರಡು ಕಪ್ಪು ಪಟ್ಟಿಗಳಿರುತ್ತವೆ. ಹೆಣ್ಣಿಗೆ ನಡುವೆ ತುಂಡಾದ ಒಂದೇ ಪಟ್ಟಿ.

3. ನೀಲಕಂಠ: ಇದು ಮಿಂಚುಳ್ಳಿಯಲ್ಲ, ಕರ್ನಾಟಕದ ರಾಜ್ಯ ಪಕ್ಷಿ. ಹಾರುವಾಗ ರೆಕ್ಕೆಯಲ್ಲಿ ತಿಳಿ ನೀಲಿ ಮತ್ತು ಕಡು ನೀಲಿ ಪಟ್ಟೆಗಳು ಕಾಣುತ್ತವೆ. ಕೊಕ್ಕು ಗಿಡ್ಡ ಹಾಗೂ ಕಪ್ಪು. ಕೆಂಪು ಕೊಕ್ಕು ಮತ್ತು ಬಿಳಿ ಎದೆ ಇದ್ದಲ್ಲಿ ಅದು ಗದ್ದೆ ಮಿಂಚುಳ್ಳಿಯೆಂದು ನಿಶ್ಚಯಿಸಬಹುದು.

ಈ ಪ್ರದೇಶದಲ್ಲಿ ಆವಾಸ

ಹೊಸಪೇಟೆ ಮತ್ತು ಹಂಪಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿವೆ. ಆಡಳಿತದ ಗಡಿ ಬೇರೆಯಾದರೂ ಮಿಂಚುಳ್ಳಿಗೆ ಈ ನಾಲ್ಕೂ ಕಡೆಗಳು ನೀರಿನ ಒಂದೇ ಜಾಲವಿದ್ದಂತೆ.

ಹೊಸಪೇಟೆ: ತುಂಗಭದ್ರಾ ಅಣೆಕಟ್ಟೆಯ ನಿರ್ಮಾಣ 1945ರಲ್ಲಿ ಆರಂಭವಾಗಿ, 1953ರಲ್ಲಿ ಕಾಲುವೆಗಳಿಗೆ ನೀರು ಹರಿಯತೊಡಗಿತು. ಜಲಾಶಯ ತುಂಬಿದಾಗ ಅದರ ಹರವು ಸುಮಾರು 378 ಚದರ ಕಿ.ಮೀ. ಜಲಾಶಯದ ತೆರೆದ ನೀರು ಕಪ್ಪು ಬಿಳಿ ಮಿಂಚುಳ್ಳಿಗೆ ಒಗ್ಗುತ್ತದೆ. ಗದ್ದೆ ಮಿಂಚುಳ್ಳಿಯಾದರೋ ಅದರ ಅಂಚಿನ ಹೊಲ, ಹಳ್ಳ ಹಾಗೂ ತೋಟಗಳನ್ನು ಆಶ್ರಯಿಸುತ್ತದೆ.

ಹಂಪಿ: ಹಂಪಿಯ ಸುತ್ತ ನದಿಯು ಕಲ್ಲುಬಂಡೆಗಳ ನಡುವೆ ಹರಿಯುತ್ತದೆ. ಬಂಡೆಯಲ್ಲಿ ಮಿಂಚುಳ್ಳಿ ಬಿಲ ಕೊರೆಯಲಾರದು. ಇಲ್ಲಿ ಅದಕ್ಕೆ ಬೇಕಾದ ಮೆತ್ತನೆಯ ಮಣ್ಣು ದೊರೆಯುವುದು ವಿಜಯನಗರ ಅರಸರ ಕಾಲದ ಕಾಲುವೆಗಳ ದಂಡೆ, ಬಾಳೆ ತೋಟಗಳ ಅಂಚು, ಹಳ್ಳಗಳ ಕೊರಕಲು ಹಾಗೂ ಹಳೆಯ ಬಾವಿಗಳಲ್ಲಿ. ತುರ್ತಾ ಕಾಲುವೆಯು ಇಂದಿಗೂ ಹಂಪಿಯ ಗದ್ದೆ ತೋಟಗಳಿಗೆ ನೀರುಣಿಸುತ್ತಿದೆ. ಕಮಲಾಪುರ ಕೆರೆಯ ಅಂಗಳವೂ ಈ ಪಕ್ಷಿಗೆ ಅನುಕೂಲವಾಗಿದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸ್ಮಾರಕಗಳ ನಡುವೆಯೇ ಈ ವನ್ಯಜೀವನವೂ ಸಾಗಿಬಂದಿದೆ.

ಕಂಪ್ಲಿ: ಇಲ್ಲಿ ನದಿಯ ದಂಡೆ ಬಂಡೆಗಳಿಂದ ಬಿಡುಗಡೆ ಹೊಂದಿ, ಮೆಕ್ಕಲು ಮಣ್ಣಿನಿಂದ ಕೂಡಿರುತ್ತದೆ. ರಾಮಸಾಗರ ಮತ್ತು ಕಂಪ್ಲಿ ಕಾಲುವೆಗಳ ಅಡಿಯಲ್ಲಿ ಭತ್ತ, ಕಬ್ಬು ಹಾಗೂ ಬಾಳೆ ಬೆಳೆಯಲಾಗುತ್ತದೆ. ಏಡಿ, ಕಪ್ಪೆ, ಮಿಡತೆಗಳು ಸಮೃದ್ಧವಾಗಿರುವ ಇಂತಹ ಗದ್ದೆ ಬಯಲು ಈ ಪಕ್ಷಿಯ ಹೆಸರಿಗೆ ತಕ್ಕ ಆವಾಸವಾಗಿದೆ.

ಸಂಡೂರು: ಕಬ್ಬಿಣದ ಅದಿರಿನ ಬೆಟ್ಟಸಾಲುಗಳ ನಡುವಿನ ಕಣಿವೆಯಲ್ಲಿ ನಾರಿಹಳ್ಳ ಹರಿಯುತ್ತದೆ. ತಾರಾನಗರದ ಬಳಿ ಅದಕ್ಕೆ ಜಲಾಶಯವಿದೆ. ಗದ್ದೆ ಮಿಂಚುಳ್ಳಿಯು ನೀರಿನಿಂದ ದೂರದಲ್ಲಿಯೂ ಬದುಕಬಲ್ಲುದರಿಂದ, ಕುರುಚಲು ಕಾಡಿನ ಅಂಚು ಮತ್ತು ರಸ್ತೆಗಾಗಿ ಕಡಿದ ಕೆಮ್ಮಣ್ಣಿನ ಗೋಡೆಗಳನ್ನೂ ಬಳಸಿಕೊಳ್ಳುತ್ತದೆ.

ಆಹಾರ ಮತ್ತು ರೈತರಿಗೆ ಉಪಯೋಗ

ಮಿಂಚುಳ್ಳಿ ಎಂದರೆ ಮೀನು ತಿನ್ನುವ ಹಕ್ಕಿ ಎಂಬ ಭಾವನೆ ಸಾಮಾನ್ಯವಾಗಿದೆ. ಗದ್ದೆ ಮಿಂಚುಳ್ಳಿಯ ಮಟ್ಟಿಗೆ ಇದು ಭಾಗಶಃ ಮಾತ್ರ ಸತ್ಯ. ಅದು ಮೀನನ್ನು ತಿನ್ನುತ್ತದಾದರೂ, ಮಿಡತೆ, ಜೀರುಂಡೆ, ದುಂಬಿ, ಏಡಿ, ಎರೆಹುಳು, ಕಪ್ಪೆ, ಓತಿಕ್ಯಾತ, ಹಾವುರಾಣಿ, ಸಣ್ಣ ಹಾವು ಹಾಗೂ ಇಲಿಗಳನ್ನು ಹಿಡಿಯುತ್ತದೆ. ಕೆಲವೊಮ್ಮೆ ಸಣ್ಣ ಪಕ್ಷಿಗಳನ್ನೂ ತಿನ್ನುವುದುಂಟು.

ಬೇಟೆಯ ಕ್ರಮ ಸರಳವಾದುದು. ಎತ್ತರದ ಜಾಗದಲ್ಲಿ ಬಹಳ ಹೊತ್ತು ನಿಶ್ಚಲವಾಗಿ ಕುಳಿತು ನೆಲವನ್ನು ಗಮನಿಸುತ್ತದೆ. ಚಲನೆ ಕಂಡೊಡನೆ ಎರಗಿ, ಕೊಕ್ಕಿನಲ್ಲಿ ಹಿಡಿದು, ಮತ್ತೆ ಮೇಲೆ ಬಂದು ಕೊಂಬೆಗೋ ಕಲ್ಲಿಗೋ ಬಡಿದು ಕೊಂದು ನುಂಗುತ್ತದೆ. ಜೀರ್ಣವಾಗದ ಮೂಳೆ, ಕೀಟದ ಚಿಪ್ಪು ಮೊದಲಾದವುಗಳನ್ನು ಉಂಡೆಯಾಗಿ ಬಾಯಿಂದ ಹೊರಹಾಕುತ್ತದೆ.

ಗದ್ದೆಯ ಬದುಗಳಲ್ಲಿ ಏಡಿಗಳು ಬಿಲ ತೋಡುವುದರಿಂದ ನೀರು ಸೋರಿಹೋಗುವುದು ರೈತರಿಗೆ ತಿಳಿದಿರುವ ಸಂಗತಿ. ಇಲಿ ಮತ್ತು ಮಿಡತೆಗಳಿಂದ ಬೆಳೆಗೆ ಹಾನಿಯಾಗುತ್ತದೆ. ಇವೆಲ್ಲವೂ ಮಿಂಚುಳ್ಳಿಯ ಆಹಾರವಾಗಿರುವುದರಿಂದ ಇದು ರೈತರಿಗೆ ನೆರವಾಗುವ ಪಕ್ಷಿ. ಹೊಲದ ಅಂಚಿನಲ್ಲಿ ಒಂದೆರಡು ಮರಗಳನ್ನು ಉಳಿಸಿಕೊಂಡರೂ, ಗದ್ದೆಯಲ್ಲಿ ಕವಲುಳ್ಳ ಕೋಲುಗಳನ್ನು ನೆಟ್ಟರೂ ಅದಕ್ಕೆ ಕುಳಿತುಕೊಳ್ಳಲು ಸ್ಥಳ ದೊರೆಯುತ್ತದೆ.

ಗೂಡು ಮತ್ತು ಸಂತಾನಾಭಿವೃದ್ಧಿ

ಬೇಸಿಗೆ ಸಮೀಪಿಸಿದಂತೆ ಗದ್ದೆ ಮಿಂಚುಳ್ಳಿಯು ಮುಂಜಾನೆ ಮರದ ತುದಿಯಲ್ಲಿ ಕುಳಿತು, ಉದ್ದನೆಯ ಕಂಪಿಸುವ ಸ್ವರದಲ್ಲಿ ಕೂಗತೊಡಗುತ್ತದೆ. ಇದು ತನ್ನ ಎಲ್ಲೆಯನ್ನು ಸಾರುವ ಹಾಗೂ ಸಂಗಾತಿಯನ್ನು ಕರೆಯುವ ಕೂಗು. ಹಾರುವಾಗ ಕೇಳಿಬರುವ ಗಟ್ಟಿಯಾದ ಕರ್ಕಶ ಧ್ವನಿ ಇದಕ್ಕಿಂತ ಭಿನ್ನವಾದುದು.

ಹೆಚ್ಚಿನ ಗೂಡುಗಳು ಮಾರ್ಚ್‌ನಿಂದ ಜುಲೈವರೆಗಿನ ಅವಧಿಯಲ್ಲಿ ಕಂಡುಬರುತ್ತವೆ. ನದಿ ಹಾಗೂ ಹಳ್ಳಗಳಲ್ಲಿ ನೀರು ತಗ್ಗಿ, ದಂಡೆಯ ಮಣ್ಣು ಹೊರಬಿದ್ದಿರುವ ಕಾಲ ಇದೇ ಆಗಿದೆ. ಗಂಡು ಹೆಣ್ಣುಗಳೆರಡೂ ಸುರಂಗ ಕೊರೆಯುತ್ತವೆ. ಮೊದಲಿಗೆ ಕಾಲೂರಲು ಸ್ಥಳವಿಲ್ಲದ ಕಾರಣ, ದೂರದಿಂದ ಹಾರಿಬಂದು ಕೊಕ್ಕಿನಿಂದ ಮಣ್ಣಿನ ಗೋಡೆಗೆ ತಿವಿಯುತ್ತವೆ. ಹೀಗೆ ಮತ್ತೆ ಮತ್ತೆ ತಿವಿದು ಸಣ್ಣ ಕುಳಿಯಾದ ನಂತರ, ಅದರಲ್ಲಿ ಕುಳಿತು ಕೊಕ್ಕಿನಿಂದ ಅಗೆದು, ಕಾಲುಗಳಿಂದ ಮಣ್ಣನ್ನು ಹೊರದೂಡುತ್ತವೆ. ಸುರಂಗವು ಸುಮಾರು 50 ಸೆಂ.ಮೀ. ಉದ್ದವಿದ್ದು, ಕೆಲವೆಡೆ ಇದಕ್ಕಿಂತ ಆಳವಾಗಿರುತ್ತದೆ. ಅದರ ಕೊನೆಯಲ್ಲಿ ಅಗಲವಾದ ಗೂಡಿರುತ್ತದೆ. ಗೂಡಿಗೆ ಹುಲ್ಲು ಅಥವಾ ಗರಿಗಳ ಹಾಸು ಇರುವುದಿಲ್ಲ.

ಮೊಟ್ಟೆಗಳು 20ರಿಂದ 22 ದಿನಗಳಲ್ಲಿ ಒಡೆಯುತ್ತವೆ. ಹೊರಬರುವ ಮರಿಗಳಿಗೆ ಗರಿಯೂ ಇರುವುದಿಲ್ಲ, ಕಣ್ಣೂ ತೆರೆದಿರುವುದಿಲ್ಲ. ಅನಂತರ ಸುಮಾರು ಮೂರು ವಾರಗಳವರೆಗೆ ತಂದೆ ತಾಯಿ ಎರಡೂ ಆಹಾರ ತಂದುಕೊಡುತ್ತವೆ. ಅಂದರೆ, ಮೊಟ್ಟೆಯಿಟ್ಟ ದಿನದಿಂದ ಮರಿಗಳು ಹಾರುವವರೆಗೆ ಒಂದೂವರೆ ತಿಂಗಳಿನಷ್ಟು ಕಾಲ ಆ ದಂಡೆ ಹಾಗೆಯೇ ಉಳಿಯಬೇಕಾಗುತ್ತದೆ. ಈ ನಡುವೆ ದಂಡೆಯನ್ನು ಅಗೆದರೆ ಅಥವಾ ಬಿಲವನ್ನು ಮುಚ್ಚಿದರೆ ಮರಿಗಳು ಒಳಗೇ ಸಾಯುತ್ತವೆ. ಹೊರಗಿನಿಂದ ನೋಡುವವರಿಗೆ ಅದರ ಸುಳಿವೂ ಸಿಗುವುದಿಲ್ಲ.

ಬಳಕೆಯಲ್ಲಿರುವ ಗೂಡನ್ನು ಈ ಕೆಳಕಂಡ ಲಕ್ಷಣಗಳಿಂದ ಗುರುತಿಸಬಹುದು:

1. ಮುಷ್ಟಿಯಷ್ಟು ಅಗಲದ ದುಂಡು ರಂಧ್ರವು ನೆಟ್ಟಗಿನ ಮಣ್ಣಿನ ಗೋಡೆಯಲ್ಲಿರುತ್ತದೆ.
2. ರಂಧ್ರದ ತಳದಲ್ಲಿ ಪಕ್ಷಿಯ ಕಾಲುಗಳಿಂದಾದ ಎರಡು ಸಮಾನಾಂತರ ಗೀರುಗಳು ಕಾಣುತ್ತವೆ.
3. ಬಾಯಿಯ ಕೆಳಗೆ ಹೊಸದಾಗಿ ಉದುರಿದ ಮಣ್ಣು ಅಥವಾ ಬಿಳಿ ಹಿಕ್ಕೆಯ ಕಲೆ ಇರುತ್ತದೆ.
4. ಮಿಂಚುಳ್ಳಿಯು ಕೊಕ್ಕಿನಲ್ಲಿ ಆಹಾರ ಹಿಡಿದು, ಸಮೀಪದಲ್ಲೇ ಕುಳಿತು ಕೂಗುತ್ತಿರುತ್ತದೆ. ಜನರು ದೂರ ಸರಿಯುವವರೆಗೆ ಒಳಹೋಗುವುದಿಲ್ಲ.

ಪ್ರಮುಖ ಅಪಾಯಗಳು

ಗದ್ದೆ ಮಿಂಚುಳ್ಳಿಯು ಇಂದಿಗೂ ಸಾಮಾನ್ಯವಾಗಿ ಕಾಣುವ ಪಕ್ಷಿಯಾಗಿದೆ. ಆದರೆ ಕಾಣುವ ಪಕ್ಷಿಗಳ ಸಂಖ್ಯೆಯೊಂದರಿಂದಲೇ ಸಮಾಧಾನಪಡುವಂತಿಲ್ಲ. ಆಹಾರವಿದ್ದು ಗೂಡಿಗೆ ಸ್ಥಳವಿಲ್ಲದಿದ್ದರೆ ವಯಸ್ಕ ಪಕ್ಷಿಗಳು ಕೆಲವು ಕಾಲ ಕಾಣಿಸಿಕೊಳ್ಳುತ್ತವೆ. ಮರಿಗಳು ಮಾತ್ರ ಆಗುವುದಿಲ್ಲ.

ದಂಡೆಗಳ ಕಾಂಕ್ರೀಟೀಕರಣ: ನೀರಿನ ಸೋರಿಕೆಯನ್ನು ತಡೆದು ಕೊನೆಯ ಭಾಗದ ರೈತರಿಗೂ ನೀರು ತಲುಪಿಸುವುದಕ್ಕಾಗಿ ಕಾಲುವೆಗಳ ಆಧುನೀಕರಣ ಅವಶ್ಯವಾಗಿದೆ. ವಿಜಯನಗರ ಕಾಲದ ರಾಯ, ಬಸವ, ತುರ್ತಾ ಮೊದಲಾದ ಕಾಲುವೆಗಳಲ್ಲಿಯೂ ಇಂತಹ ಕಾಮಗಾರಿಗಳು ನಡೆದಿವೆ. ಕಾಂಕ್ರೀಟು ಹೊದಿಸಿದ ದಂಡೆಯಲ್ಲಿ ಮಿಂಚುಳ್ಳಿ ಬಿಲ ಕೊರೆಯಲಾರದು. ನೀರಿನ ಮಟ್ಟಕ್ಕಿಂತ ಮೇಲಿನ ಮಣ್ಣಿನ ಭಾಗವನ್ನು ಅಲ್ಲಲ್ಲಿ ಹಾಗೆಯೇ ಬಿಟ್ಟಲ್ಲಿ ಎರಡೂ ಉದ್ದೇಶಗಳು ಈಡೇರುತ್ತವೆ.

ಮರಳು ಮತ್ತು ಮಣ್ಣಿನ ಅಕ್ರಮ ಅಗೆತ: ನದಿ ಹಳ್ಳಗಳ ದಂಡೆಯನ್ನು ಬುಡದಿಂದ ಅಗೆದಾಗ ಮೇಲ್ಭಾಗ ಕುಸಿದು ಗೂಡುಗಳು ನಾಶವಾಗುತ್ತವೆ.

ಕೀಟನಾಶಕಗಳು: ಅತಿಯಾಗಿ ಬಳಸಿದ ಔಷಧವು ಮಿಡತೆ, ಏಡಿ, ಕಪ್ಪೆಗಳ ಮೂಲಕ ಅವುಗಳನ್ನು ತಿನ್ನುವ ಪಕ್ಷಿಯ ದೇಹವನ್ನು ಸೇರುತ್ತದೆ.

ಸಿಡಿಮದ್ದು ಮತ್ತು ವಿಷದಿಂದ ಮೀನುಗಾರಿಕೆ: ಇದರಿಂದ ಮೀನಿನ ಮರಿಗಳು ಸಹಿತ ನಾಶವಾಗಿ, ಮಿಂಚುಳ್ಳಿಗಳಿಗೂ ನೀರುನಾಯಿಗಳಿಗೂ ಬೆಸ್ತರಿಗೂ ಸಮಾನವಾಗಿ ಹಾನಿಯಾಗುತ್ತದೆ.

ಗಣಿ ಪ್ರದೇಶದ ಹೂಳು: ಮಳೆಯಲ್ಲಿ ಕೊಚ್ಚಿಬರುವ ಅದಿರಿನ ಮಣ್ಣು ಹಳ್ಳಗಳನ್ನು ತುಂಬಿ, ನೀರನ್ನು ಕೆಂಪಾಗಿಸುತ್ತದೆ. ರಾಡಿ ನೀರಿನಲ್ಲಿ ಮೀನನ್ನು ಕಂಡು ಹಿಡಿಯುವುದು ಪಕ್ಷಿಗಳಿಗೆ ಕಷ್ಟ. 2011ರ ಜುಲೈ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. 2013ರಲ್ಲಿ ಷರತ್ತುಗಳೊಡನೆ ಪುನರಾರಂಭಕ್ಕೆ ಅವಕಾಶ ನೀಡಿದಾಗ, ಗಣಿಗಳಿಗೆ ಪುನಶ್ಚೇತನ ಯೋಜನೆಗಳನ್ನು ಕಡ್ಡಾಯಗೊಳಿಸಲಾಯಿತು. ಹೂಳು ತಡೆಯುವ ಒಡ್ಡುಗಳು ಇಂತಹ ಯೋಜನೆಗಳ ಭಾಗವಾಗಿವೆ.

ಕಾನೂನಿನ ರಕ್ಷಣೆ

1. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅಡಿಯಲ್ಲಿ ಮಿಂಚುಳ್ಳಿಯು ರಕ್ಷಿತ ಪಕ್ಷಿಯಾಗಿದೆ. ಕಾಯ್ದೆಯ 9ನೆಯ ಪ್ರಕರಣವು ಬೇಟೆಯನ್ನು ನಿಷೇಧಿಸುತ್ತದೆ.

2. ‘ಬೇಟೆ’ ಎಂಬ ಪದಕ್ಕೆ ಕಾಯ್ದೆಯಲ್ಲಿ ವಿಶಾಲವಾದ ಅರ್ಥವಿದೆ. ಪಕ್ಷಿಯನ್ನು ಕೊಲ್ಲುವುದು ಹಾಗೂ ಹಿಡಿಯುವುದು ಮಾತ್ರವಲ್ಲದೆ, ಮೊಟ್ಟೆಗಳಿಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡಿಗೆ ತೊಂದರೆಯುಂಟುಮಾಡುವುದು ಸಹ ಬೇಟೆಯೇ ಆಗಿರುತ್ತದೆ.

3. 2022ರಲ್ಲಿ ಅಂಗೀಕಾರವಾದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ಸಾಮಾನ್ಯ ಉಲ್ಲಂಘನೆಗಳಿಗೆ 3 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಕೆಲವು ಅಪರಾಧಗಳಿಗೆ ಇದಕ್ಕಿಂತ ಹೆಚ್ಚಿನ ಶಿಕ್ಷೆ ಇರುತ್ತದೆ.

4. ತುಂಗಭದ್ರಾ ಅಣೆಕಟ್ಟೆಯ ಕೆಳಭಾಗದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಇದು ನೀರುನಾಯಿಗಾಗಿ ಮಾಡಿದ ಘೋಷಣೆಯಾದರೂ, ಅದೇ ದಂಡೆ ಮತ್ತು ಅದೇ ನೀರನ್ನು ಅವಲಂಬಿಸಿರುವ ಮಿಂಚುಳ್ಳಿಗಳಿಗೂ ರಕ್ಷಣೆ ದೊರೆಯುತ್ತದೆ. ಸಂರಕ್ಷಣಾ ಮೀಸಲು ಪ್ರದೇಶದಲ್ಲಿ ವನ್ಯಜೀವಿಗಳಿಗೆ ಅಪಾಯಕಾರಿಯಾದ ರಾಸಾಯನಿಕ ಮತ್ತು ಸ್ಫೋಟಕಗಳ ಬಳಕೆ ನಿಷಿದ್ಧ. ಇಂತಹ ಪ್ರದೇಶದ ನಿರ್ವಹಣೆಗೆ ಸಲಹೆ ನೀಡುವ ಸಮಿತಿಯಲ್ಲಿ ಸಂಬಂಧಪಟ್ಟ ಗ್ರಾಮ ಪಂಚಾಯಿತಿಗಳಿಗೂ ಪ್ರಾತಿನಿಧ್ಯವಿರುತ್ತದೆ.

5. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮ ಹಾಗೂ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿತವಾಗಿ, 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಇವು ಸಮೀಪದ ಇತರ ರಕ್ಷಿತ ಪ್ರದೇಶಗಳು.

ಅರ್ಜಿದಾರರು ಮತ್ತು ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ದಂಡೆ ಅಗೆತ, ಹಳ್ಳದ ಹೂಳೆತ್ತುವಿಕೆ, ಬಾವಿ ಮುಚ್ಚುವಿಕೆ ಮುಂತಾದ ಕೆಲಸಗಳನ್ನು ಆರಂಭಿಸುವ ಮುನ್ನ ಗೂಡುಗಳಿವೆಯೇ ಎಂದು ಪರಿಶೀಲಿಸತಕ್ಕದ್ದು. ಸಾಧ್ಯವಾದಷ್ಟು ಮಟ್ಟಿಗೆ ಮಾರ್ಚ್‌ನಿಂದ ಜುಲೈವರೆಗೆ ಇಂತಹ ಕೆಲಸವನ್ನು ಮುಂದೂಡುವುದು ಉತ್ತಮ.

2. ತುರ್ತು ಕೆಲಸವಿದ್ದಲ್ಲಿ, ಬಳಕೆಯಲ್ಲಿರುವ ಗೂಡಿನ ಭಾಗವನ್ನು ಬಿಟ್ಟು ಉಳಿದ ಭಾಗದಲ್ಲಿ ಮೊದಲು ಕೆಲಸ ಮಾಡಿ, ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸುವುದು.

3. ಮರಳು, ಮಣ್ಣು ಮುಂತಾದ ಉಪಖನಿಜಗಳ ತೆಗೆಯುವಿಕೆಯು ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು, 1994ಕ್ಕೆ ಒಳಪಟ್ಟಿರುತ್ತದೆ. ಈ ಕುರಿತು ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನು ಸಂಪರ್ಕಿಸುವುದು.

4. ಮರ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಅಡಿಯಲ್ಲಿ ವೃಕ್ಷಾಧಿಕಾರಿಯ ಅನುಮತಿ ಅಗತ್ಯವಿರುತ್ತದೆ. ಕೆಲವು ಜಾತಿಯ ಮರಗಳಿಗೆ ವಿನಾಯಿತಿಯಿದೆ. ನೀರಿನ ಅಂಚಿನ ಮರಗಳನ್ನು ಉಳಿಸಿಕೊಳ್ಳಲು ಕೋರಲಾಗಿದೆ.

5. ಹಳೆಯ ತೆರೆದ ಬಾವಿಗೆ ಸುರಕ್ಷತೆಯ ದೃಷ್ಟಿಯಿಂದ ಕಟ್ಟೆ ಕಟ್ಟುವಾಗ, ಒಳಗಿನ ಮಣ್ಣಿನ ಗೋಡೆ ಗಟ್ಟಿಯಾಗಿದ್ದಲ್ಲಿ ಅದಕ್ಕೆ ಗಾರೆ ಬಳಿಯದೆ ಬಿಡಬಹುದು.

6. ಗೂಡಿನ ಬಾಯಿಗೆ ಕೋಲು ಅಥವಾ ಮೊಬೈಲ್ ದೂರವಾಣಿಯನ್ನು ತೂರಿಸಿ ಚಿತ್ರ ತೆಗೆಯಬಾರದು. ಧ್ವನಿಮುದ್ರಿತ ಕೂಗನ್ನು ಕೇಳಿಸಿ ಪಕ್ಷಿಯನ್ನು ಕರೆಯಬಾರದು. ದೂರದರ್ಶಕದ ನೆರವಿನಿಂದ, ಮುಂಜಾನೆ ಅಥವಾ ಸಂಜೆ ವೀಕ್ಷಿಸುವುದು ಸೂಕ್ತ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಾಯಗೊಂಡ ಮಿಂಚುಳ್ಳಿ ಸಿಕ್ಕಿದಲ್ಲಿ ಏನು ಮಾಡಬೇಕು?
ಉತ್ತರ: ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲೆಯಾದ ಶಾಂತ ಸ್ಥಳದಲ್ಲಿರಿಸಿ. ಬಲವಂತವಾಗಿ ನೀರು ಕುಡಿಸಬೇಡಿ. ಸಮೀಪದ ಅರಣ್ಯ ಕಚೇರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸಿ. ವನ್ಯಪ್ರಾಣಿಯು ಯಾವುದೇ ರೀತಿಯಲ್ಲಿ ಕೈಸೇರಿದಲ್ಲಿ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡುವುದು ಕಾಯ್ದೆಯ 39ನೆಯ ಪ್ರಕರಣದಂತೆ ಕಡ್ಡಾಯವಾಗಿದೆ.

ಪ್ರಶ್ನೆ: ಮಿಂಚುಳ್ಳಿಯನ್ನು ಮನೆಯಲ್ಲಿ ಸಾಕಬಹುದೇ?
ಉತ್ತರ: ಸಾಕುವಂತಿಲ್ಲ. ಮರಿಯೇ ಆಗಿದ್ದರೂ ಅದು ಅಪರಾಧವಾಗುತ್ತದೆ.

ಪ್ರಶ್ನೆ: ನನ್ನ ಸ್ವಂತ ಜಮೀನಿನ ದಂಡೆಯಲ್ಲಿ ಗೂಡಿದೆ. ಜಮೀನು ಸಮತಟ್ಟು ಮಾಡುವುದೇ ಬೇಡವೇ?
ಉತ್ತರ: ಹಾಗಲ್ಲ. ಮರಿಗಳು ಹಾರಿಹೋಗುವವರೆಗೆ ಆ ಒಂದು ಭಾಗವನ್ನು ಬಿಟ್ಟರೆ ಸಾಕು. ಅನಂತರ ಕೆಲಸವನ್ನು ಮುಂದುವರಿಸಬಹುದು. ಸಾಧ್ಯವಾದಲ್ಲಿ ಮೂಲೆಯೊಂದರಲ್ಲಿ ಆಳೆತ್ತರದ ಮಣ್ಣಿನ ಗೋಡೆಯನ್ನು ಶಾಶ್ವತವಾಗಿ ಉಳಿಸಿಕೊಳ್ಳಿ. ಮುಂದಿನ ವರ್ಷ ಪಕ್ಷಿಯು ಮತ್ತೆ ಅಲ್ಲಿ ಗೂಡು ಮಾಡುವ ಸಂಭವವಿರುತ್ತದೆ.

ಪ್ರಶ್ನೆ: ದಂಡೆಯಲ್ಲಿರುವ ಪ್ರತಿಯೊಂದು ಬಿಲವೂ ಮಿಂಚುಳ್ಳಿಯದೇ?
ಉತ್ತರ: ಇಲ್ಲ. ಜೇನುನೊಣ ಹಿಡಿಯುವ ಕಳ್ಳಿಪೀರ ಪಕ್ಷಿಗಳೂ ಇದೇ ರೀತಿ ಬಿಲ ಕೊರೆಯುತ್ತವೆ. ಇಲಿ, ಹಾವುಗಳೂ ಬಿಲದಲ್ಲಿರಬಹುದು. ಆದುದರಿಂದ ಯಾವ ಬಿಲಕ್ಕೂ ಕೈ ಹಾಕಬಾರದು. ಸ್ವಲ್ಪ ದೂರದಲ್ಲಿ ಅರ್ಧ ಗಂಟೆ ಕಾದು ನೋಡಿದರೆ ಒಳಗೆ ಯಾರಿದ್ದಾರೆಂಬುದು ತಿಳಿಯುತ್ತದೆ.

ಪ್ರಶ್ನೆ: ಸಿಡಿಮದ್ದು ಬಳಸಿ ಮೀನು ಹಿಡಿಯುವುದು ಅಥವಾ ದಂಡೆ ಅಗೆಯುವುದು ಕಂಡುಬಂದಲ್ಲಿ?
ಉತ್ತರ: ತಾವಾಗಿಯೇ ತಡೆಯಲು ಮುಂದಾಗದೆ, ಸ್ಥಳ ಮತ್ತು ಸಮಯವನ್ನು ಗುರುತು ಮಾಡಿಕೊಂಡು ಸಹಾಯವಾಣಿಗೆ ಅಥವಾ ಸಮೀಪದ ಅರಣ್ಯ ಕಚೇರಿಗೆ ತಿಳಿಸತಕ್ಕದ್ದು.